ತಾರೀಖು ಕೊಡಿ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬೇಡಿ: ನಗರಸಭೆ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ನಗರಸಭೆ ಅಧ್ಯಕ್ಷರಿಗೆ ನಮಸ್ಕಾರಗಳು.

ನಮ್ಮ ತಂಡ ಬರುವ ವರ್ಷದ ನಾಟಕಮಾಲೆಗೆ ಐದು ನಾಟಕಗಳನ್ನು ಆರಿಸಿಕೊಂಡಿದೆ. ಪಾತ್ರ ಹಂಚಿಕೆ ಮುಗಿದಿದೆ. ಮೊದಲನೆಯದರ ಓದು ನಡೆಯುತ್ತಿದೆ, ಎರಡನೆಯದರ ರಂಗಸಜ್ಜಿಕೆಯ ನಕ್ಷೆ ಸಿದ್ಧವಾಗಿದೆ. ಆದರೆ ಐದರಲ್ಲಿ ಒಂದಕ್ಕೂ ಪ್ರದರ್ಶನದ ತಾರೀಖು ಇಲ್ಲ. ನಾವು ಆಡುವುದು ನಗರಸಭೆಯ ಸುಪರ್ದಿಯಲ್ಲಿರುವ ಸಣ್ಣ ರಂಗಮಂದಿರದಲ್ಲಿ. ಅದರ ದಿನಗಳನ್ನು ಹಂಚುವ ಅಧಿಕಾರ ತಮ್ಮ ಅಧ್ಯಕ್ಷತೆಯ ಸಮಿತಿಯದು. ನಾವು ಅನುದಾನ ಕೇಳುತ್ತಿಲ್ಲ, ಬಾಡಿಗೆಯಲ್ಲಿ ರಿಯಾಯಿತಿಯನ್ನೂ ಕೇಳುತ್ತಿಲ್ಲ. ವರ್ಷದ ಆರಂಭದಲ್ಲೇ ನಮ್ಮ ದಿನಗಳನ್ನು ಗೊತ್ತುಮಾಡಿ ಕೊಡಿ, ಕೊಟ್ಟ ದಿನವನ್ನು ಕಸಿದುಕೊಳ್ಳಬೇಡಿ ಎಂಬುದಷ್ಟೇ ನಮ್ಮ ಬೇಡಿಕೆ. ಇದನ್ನು ಅರ್ಜಿಯ ರೂಪದಲ್ಲಿ ಕಚೇರಿಗೆ ಈಗಾಗಲೇ ಕೊಟ್ಟಿದ್ದೇವೆ. ಬಹಿರಂಗವಾಗಿ ಬರೆಯುತ್ತಿರುವುದು ಏಕೆಂದರೆ, ತಾರೀಖು ತಪ್ಪಿದಾಗ ನಮ್ಮ ಜೊತೆಗೆ ಟಿಕೆಟ್ ಕೊಂಡವರೂ ನಷ್ಟ ಅನುಭವಿಸುತ್ತಾರೆ. ಅದು ಹೇಗೆ ತಪ್ಪುತ್ತದೆ ಎಂದು ಅವರಿಗೂ ತಿಳಿದಿರಬೇಕು.

ನಾನು ತಂಡದಲ್ಲಿ ಬೆಳಕಿನ ಕೆಲಸ ನೋಡಿಕೊಳ್ಳುತ್ತೇನೆ. ನಟರಿಗಿಂತ ಮೊದಲು ರಂಗಮಂದಿರದೊಳಗೆ ಹೋಗುವವರು, ಎಲ್ಲರಿಗಿಂತ ಕೊನೆಗೆ ಬಾಗಿಲು ಎಳೆದುಕೊಂಡು ಬರುವವರು ನಾವು. ಅಲ್ಲಿನ ಒಂದೊಂದು ಗಂಟೆಯೂ ಯಾವುದಕ್ಕೆ ಖರ್ಚಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಈಗಿರುವ ಪದ್ಧತಿಯಲ್ಲಿ ಪ್ರದರ್ಶನದ ದಿನ ಹತ್ತಿರ ಬರುವವರೆಗೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ದಿನ ಸಿಕ್ಕ ಮೇಲೂ ಒಂದು ಷರತ್ತು ಬೆನ್ನಿಗೇ ಇರುತ್ತದೆ: ಸರ್ಕಾರಿ ಅಥವಾ ಸಾರ್ವಜನಿಕ ಸಮಾರಂಭ ಬಂದರೆ ಯಾವ ಗಳಿಗೆಯಲ್ಲಾದರೂ ನಮ್ಮ ಕಾಯ್ದಿರಿಸುವಿಕೆ ರದ್ದಾಗಬಹುದು. ಹಾಗೆ ರದ್ದಾದಾಗ ಬಾಡಿಗೆ ಹಣ ವಾಪಸು ಬರುತ್ತದೆ, ನಿಜ. ಉಳಿದ ಯಾವುದೂ ವಾಪಸು ಬರುವುದಿಲ್ಲ.

ಕಳೆದ ನಾಟಕಮಾಲೆಯ ಒಂದು ಪ್ರದರ್ಶನದ ಮುನ್ನಾದಿನ ಸಂಜೆ ನಮಗೆ ಫೋನ್ ಬಂತು. ನಾಳೆ ರಂಗಮಂದಿರದಲ್ಲಿ ಬೇರೆ ಸಭೆ ಇದೆ, ನಿಮ್ಮದನ್ನು ಮುಂದಕ್ಕೆ ಹಾಕಿಕೊಳ್ಳಿ ಎಂದರು. ಯಾವ ಸಭೆ, ಯಾರ ತೀರ್ಮಾನ ಎಂದು ಕೇಳಿದರೆ ಉತ್ತರ ಸಿಗಲಿಲ್ಲ. ಲಿಖಿತ ಆದೇಶ ಕೊನೆಗೂ ಬರಲಿಲ್ಲ. ಸೆಟ್ಟಿನ ಹಲಗೆಗಳನ್ನು ಅಷ್ಟರಲ್ಲಿ ಲಾರಿಗೆ ಏರಿಸಿಯಾಗಿತ್ತು. ಬಾಡಿಗೆಯ ದೀಪಗಳು ಬಂದಿಳಿದಿದ್ದವು. ರಾತ್ರಿಯೆಲ್ಲ ಕುಳಿತು ಟಿಕೆಟ್ ಕೊಂಡವರಿಗೆ ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸಿದೆವು, ಆದರೂ ಕೆಲವರಿಗೆ ಮುಟ್ಟಲಿಲ್ಲ. ಮರುದಿನ ಸಂಜೆ ಮೊಮ್ಮಗಳ ಕೈಹಿಡಿದು ಬಂದ ವೃದ್ಧೆಯೊಬ್ಬರು ಬಾಗಿಲಲ್ಲಿ ಟಿಕೆಟ್ ತೋರಿಸಿ, ‘ನಾಟಕ ಇವತ್ತೇ ಅಲ್ಲವೇ?’ ಎಂದು ಕೇಳಿದರು. ಅದರ ಮೇಲೆ ಅಚ್ಚಾಗಿದ್ದುದು ಅದೇ ತಾರೀಖು. ಹಣ ಮರಳಿಸಿ ಕ್ಷಮೆ ಕೇಳಿದೆವು. ಮುಂದೂಡಿದ ಪ್ರದರ್ಶನಕ್ಕೆ ಅವರು ಬರಲಿಲ್ಲ.

ಒಂದು ವಾರ ಮುಂದಕ್ಕೆ ಹೋದರೆ ಆಗುವ ನಷ್ಟವೇನು ಎಂದು ಸಮಿತಿಯ ಸದಸ್ಯರೊಬ್ಬರು ನನ್ನನ್ನು ಪ್ರಾಮಾಣಿಕವಾಗಿಯೇ ಕೇಳಿದ್ದರು. ಉತ್ತರವನ್ನು ಇಲ್ಲಿ ವಿವರವಾಗಿ ಹೇಳಬೇಕು. ನಮ್ಮ ತಂಡದಲ್ಲಿ ನಾಟಕದಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ಶಾಲೆಯಲ್ಲಿ ಪಾಠ ಹೇಳುವವರು, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ದಾದಿ, ಬ್ಯಾಂಕ್ ಉದ್ಯೋಗಿ, ಪರೀಕ್ಷೆ ಎದುರಿಗಿರುವ ಕಾಲೇಜು ವಿದ್ಯಾರ್ಥಿಗಳು, ಹೀಗೆ. ಇವರೆಲ್ಲ ಕೆಲಸ ಮುಗಿಸಿ ಬಂದು ತಾಲೀಮು ಮಾಡುತ್ತಾರೆ. ಪ್ರದರ್ಶನದ ದಿನಕ್ಕೆಂದು ಮೊದಲೇ ರಜೆ ಬರೆದುಕೊಡುತ್ತಾರೆ, ಪಾಳಿ ಅದಲುಬದಲು ಮಾಡಿಕೊಳ್ಳುತ್ತಾರೆ. ದಿನ ಬದಲಾದರೆ ಆ ರಜೆ ವ್ಯರ್ಥ. ಹೊಸ ದಿನಕ್ಕೆ ಮತ್ತೊಮ್ಮೆ ರಜೆ ಸಿಗುತ್ತದೆಂಬ ಖಾತ್ರಿ ಇಲ್ಲ. ಮೊದಲ ನಾಟಕದಲ್ಲಿ ಮುದುಕಿಯಾಗಿ ಬರುವ ನಟಿಯೇ ಎರಡನೆಯದರಲ್ಲಿ ರಾಜಕುಮಾರಿ. ಮೊದಲನೆಯದು ಒಂದು ವಾರ ಜರುಗಿದರೆ ಎರಡನೆಯದರ ತಾಲೀಮಿಗೆ ಆಕೆ ಇರುವುದಿಲ್ಲ. ಒಂದು ನಾಟಕದ ವೇದಿಕೆಯ ಹಲಗೆಗಳನ್ನೇ ಬಿಚ್ಚಿ, ಬಣ್ಣ ಬಳಿದು, ಮುಂದಿನ ನಾಟಕಕ್ಕೆ ಬಳಸುವವರು ನಾವು. ಅದೂ ನಿಲ್ಲುತ್ತದೆ. ಬಿಡಿ ನಾಟಕವಾದರೆ ಹೇಗೋ ಸಂಭಾಳಿಸಬಹುದು. ಐದು ನಾಟಕಗಳ ಮಾಲೆಯಲ್ಲಿ ಮೊದಲನೆಯದರ ತಾರೀಖು ಕದಲಿದರೆ ಉಳಿದ ನಾಲ್ಕೂ ಕದಲುತ್ತವೆ.

ಹಣದ ಮಾತೂ ಇದೆ. ವರ್ಷದ ಐದೂ ನಾಟಕಗಳಿಗೆ ಒಂದೇ ಪಾಸು ಕೊಳ್ಳುವ ಪ್ರೇಕ್ಷಕರು ಮೊದಲೇ ಕೊಡುವ ಹಣವೇ ನಮ್ಮ ಬಂಡವಾಳ. ಮರ, ಬಟ್ಟೆ, ಬಣ್ಣ, ದೀಪಗಳ ಬಾಡಿಗೆ ಎಲ್ಲ ಅದರಿಂದಲೇ. ತಾರೀಖು ಅಚ್ಚಾಗದ ಪಾಸನ್ನು ಯಾರು ಕೊಂಡಾರು? ದಿನಗಳು ಗೊತ್ತಾದರೆ ನಮ್ಮ ಖರ್ಚನ್ನು ನಾವೇ ದುಡಿದುಕೊಳ್ಳುತ್ತೇವೆ. ಅನುದಾನ ಬೇಡವೆಂದು ನಾನು ಮೇಲೆ ಬರೆದದ್ದು ಈ ಲೆಕ್ಕದ ಮೇಲೆ.

ಇನ್ನು ನನ್ನ ಕೆಲಸದ ವಿಷಯ. ಈಗ ರಂಗಮಂದಿರವನ್ನು ಕೊಡುವುದು ಪ್ರದರ್ಶನದ ದಿನಕ್ಕೆ ಮಾತ್ರ, ಅದೂ ಮಧ್ಯಾಹ್ನದ ನಂತರ. ಭಾಷಣದ ಸಭೆಗೆ ಇಷ್ಟು ಹೊತ್ತು ಧಾರಾಳವಾಗಿ ಸಾಕು. ಕುರ್ಚಿ, ಮೈಕು, ಹಾರ ತುರಾಯಿ ಬಂದರೆ ಸಭೆ ನಡೆಯುತ್ತದೆ. ನಾಟಕದ ಮಾತು ಬೇರೆ. ತಾಲೀಮು ಕೋಣೆಯ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ, ಇದು ಬಾಗಿಲು, ಇದು ಮೆಟ್ಟಿಲು ಎಂದು ಗುರುತು ಹಾಕಿಕೊಂಡು ನಟರು ವಾರಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಆ ಗುರುತುಗಳೆಲ್ಲ ರಂಗದ ಮೇಲೆ ಹೊಸದಾಗಿ ಬೀಳಬೇಕು. ಟೇಪಿದ್ದ ಜಾಗದಲ್ಲಿ ಈಗ ನಿಜವಾದ ಮೆಟ್ಟಿಲು ಬರುತ್ತದೆ, ಅದರ ಎತ್ತರ ಕಾಲಿಗೆ ಅಭ್ಯಾಸವಾಗಬೇಕು. ನಾವು ಏಣಿ ಹತ್ತಿ ಒಂದೊಂದೇ ದೀಪವನ್ನು ಪೈಪಿಗೆ ಬಿಗಿದು, ಅದಕ್ಕೊಂದು ರಕ್ಷಣೆಯ ಸರಪಳಿ ಹಾಕಿ, ತಂತಿ ಎಳೆದು, ಕೆಳಗೆ ನಿಂತ ಹುಡುಗನ ಮುಖಕ್ಕೆ ಬೆಳಕು ಹಿಡಿಯುತ್ತೇವೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತವರು ಕೂಗುತ್ತಾರೆ: ಕಣ್ಣ ಕೆಳಗೆ ನೆರಳು ಬೀಳುತ್ತಿದೆ, ಇನ್ನೂ ಸ್ವಲ್ಪ ಎಡಕ್ಕೆ. ಹೀಗೆ ಎಲ್ಲ ದೀಪಗಳೂ ಸರಿಯಾದ ಮೇಲೆ ಅವು ಯಾವ ಮಾತಿಗೆ ಹತ್ತಬೇಕು, ಯಾವ ಮಾತಿಗೆ ಆರಬೇಕು ಎಂಬುದನ್ನು ನಟರೊಡನೆ ಸಾಲುಸಾಲಾಗಿ ಹೊಂದಿಸಬೇಕು.

ಕತ್ತಲೆಯ ಕೆಲಸ ಇದಕ್ಕಿಂತ ಕಷ್ಟ. ದೃಶ್ಯ ಮುಗಿದು ದೀಪಗಳು ಆರಿದ ಕ್ಷಣದಲ್ಲಿ ಎತ್ತರದ ವೇದಿಕೆಯ ಮೇಲಿರುವ ನಟಿ ಮೂರು ಮೆಟ್ಟಿಲು ಇಳಿದು, ನೆಲದ ಮೇಲಿನ ಆಸನವನ್ನು ಬಳಸಿಕೊಂಡು, ಎಡಗಡೆಯ ಸೈಡ್‌ವಿಂಗ್‌ನೊಳಗೆ ಮರೆಯಾಗಬೇಕು. ಅದೇ ಹೊತ್ತಿಗೆ ಎದುರಿನಿಂದ ಇಬ್ಬರು ಮೇಜು ಹೊತ್ತು ಬರುತ್ತಿರುತ್ತಾರೆ. ವೇದಿಕೆಯ ಅಂಚಿಗೆ ಹೊಳೆಯುವ ಟೇಪು ಅಂಟಿಸಿರುತ್ತೇವೆ, ಆದರೂ ಅವರನ್ನು ಕಾಯುವುದು ಅಭ್ಯಾಸವೇ ಹೊರತು ಟೇಪಲ್ಲ. ಆ ಓಡಾಟವನ್ನು ಮೊದಲು ಬೆಳಕಿನಲ್ಲಿ, ಆಮೇಲೆ ಅರೆಗತ್ತಲಲ್ಲಿ, ಕೊನೆಗೆ ಪೂರ್ತಿ ಕತ್ತಲಲ್ಲಿ ಮಾಡಿಸುತ್ತೇವೆ. ಇಷ್ಟಾದ ಮೇಲೆ ವೇಷಭೂಷಣ, ಪ್ರಸಾಧನ, ಸಂಗೀತ ಎಲ್ಲ ಸೇರಿಸಿ ಗ್ರ್ಯಾಂಡ್ ರಿಹರ್ಸಲ್. ಮಧ್ಯಾಹ್ನ ಬೀಗದ ಕೈ ಕೊಟ್ಟು ಸಂಜೆ ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿ ಎಂದರೆ ಇದರಲ್ಲಿ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ. ಬಿಟ್ಟುಹೋಗುವ ಅರ್ಧದಲ್ಲಿ ಸುರಕ್ಷತೆಯೂ ಇದೆ.

1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾಯ್ ರಂಗಮಂದಿರದಲ್ಲಿ ಮಧ್ಯಾಹ್ನದ ಪ್ರದರ್ಶನ ನಡೆಯುತ್ತಿದ್ದಾಗ ಆರ್ಕ್ ದೀಪವೊಂದರ ಕಿಡಿ ಪರದೆಗೆ ತಗುಲಿತು. ಬೆಂಕಿ ತಡೆಯಲೆಂದೇ ಇದ್ದ ಪರದೆ ಇಳಿಯುತ್ತ ಅರ್ಧದಲ್ಲಿ ಸಿಕ್ಕಿಕೊಂಡಿತು. ಹೊರಹೋಗುವ ಹಲವು ಬಾಗಿಲುಗಳು ತೆರೆಯಲಿಲ್ಲ. 600ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ರಜೆಯ ದಿನ ನಾಟಕ ನೋಡಲು ಬಂದಿದ್ದ ಮಕ್ಕಳು ಬಹಳ ಮಂದಿ. ಆ ಕಟ್ಟಡ ಉದ್ಘಾಟನೆಯಾಗಿ ಆರು ವಾರವೂ ಕಳೆದಿರಲಿಲ್ಲ. ಬೆಳಕಿನ ಕೆಲಸ ಮಾಡುವ ನನ್ನಂಥವರಿಗೆ ಇದು ಪಾಠ ಪುಸ್ತಕದ ಸಂಗತಿಯಲ್ಲ. ಬಿಸಿಯಾದ ದೀಪಕ್ಕೂ ಬಟ್ಟೆಗೂ ನಡುವೆ ಎಷ್ಟು ಅಂತರವಿದೆ, ತಂತಿಯ ಜೋಡಣೆ ಗಟ್ಟಿಯಾಗಿದೆಯೇ, ತುರ್ತು ಬಾಗಿಲು ತಳ್ಳಿದೊಡನೆ ಹೊರಕ್ಕೆ ತೆರೆಯುತ್ತದೆಯೇ, ಅದರ ಮುಂದೆ ಯಾರಾದರೂ ಕುರ್ಚಿ ಪೇರಿಸಿದ್ದಾರೆಯೇ ಎಂದು ನೋಡಲು ನನಗೆ ಹೊತ್ತು ಬೇಕು. ಗಡಿಬಿಡಿಯಲ್ಲಿ ಮೊದಲು ತಪ್ಪಿಹೋಗುವುದು ಈ ನೋಟವೇ. ದಯವಿಟ್ಟು ಪ್ರದರ್ಶನದ ಹಿಂದಿನ ದಿನವನ್ನೂ ನಮಗೆ ಕೊಡಿ. ಅದರ ಬಾಡಿಗೆಯನ್ನು ನಾವು ಕೊಡುತ್ತೇವೆ.

ರಂಗದ ಹಿಂದೆ ನಡೆಯುವ ಕೆಲಸಕ್ಕೆ ನಮ್ಮ ಹಿರಿಯರು ಎಷ್ಟು ಜಾಗ ಇಟ್ಟಿದ್ದರು ಎಂಬುದನ್ನು ಇಲ್ಲೇ ನೆನಪಿಸಬೇಕು. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ನಾಟ್ಯಮಂಟಪದ ಅಳತೆಗಳನ್ನು ಹೇಳುತ್ತದೆ. ಮನುಷ್ಯರಿಗೆ ಅದು ಹೇಳುವ ಅಳತೆ 64 ಹಸ್ತ ಉದ್ದ, 32 ಹಸ್ತ ಅಗಲ, ಅಂದರೆ ಹೆಚ್ಚುಕಡಿಮೆ 96 ಅಡಿಗೆ 48 ಅಡಿ. ಅದಕ್ಕಿಂತ ದೊಡ್ಡದನ್ನು ಕಟ್ಟಬೇಡಿ. ಕಟ್ಟಿದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣುವುದಿಲ್ಲ ಎಂದು ಎಚ್ಚರಿಸುತ್ತದೆ. ಆ ಉದ್ದದಲ್ಲಿ ಅರ್ಧ ಮಾತ್ರ ಪ್ರೇಕ್ಷಕರದು. ಉಳಿದರ್ಧ ರಂಗಕ್ಕೆ ಮತ್ತು ನೇಪಥ್ಯಕ್ಕೆ. ನಾಟಕ ಬಲ್ಲವರು ಹಾಕಿದ ಲೆಕ್ಕ ಅದು. ಸಣ್ಣ ರಂಗಮಂದಿರವಿರುವುದು ನಮ್ಮ ಕೊರತೆಯೆಂದು ನಾನು ಎಂದೂ ಭಾವಿಸಿಲ್ಲ. ಕೊನೆಯ ಸಾಲಿನವರಿಗೂ ನಟಿಯ ಹುಬ್ಬು ಅಲುಗಿದ್ದು ಕಾಣುವ ಜಾಗವದು. ಮೈಕಿಲ್ಲದೆ ಪಿಸುಮಾತು ಕೇಳುವ ಜಾಗ. ಇಂಥದ್ದು ನಮ್ಮ ನಗರಸಭೆಯ ಕೈಯಲ್ಲಿರುವುದು ದೊಡ್ಡ ಭಾಗ್ಯ, ಅದನ್ನು ಕಟ್ಟಿಸಿದವರಿಗೆ ನಾನು ಕೃತಜ್ಞ.

ಈ ಸಲ ನಾವು ಆರಿಸಿರುವ ನಾಟಕಗಳಿಗೆ ಈ ಜಾಗವೂ ಬೇಕು, ಈ ಹೊತ್ತೂ ಬೇಕು. ಮೊದಲನೆಯದು ಸಾಫೋಕ್ಲೀಸನ ‘ಅಂತಿಗೊನೆ’. ಗ್ರೀಕ್ ದುರಂತ ನಾಟಕದಲ್ಲಿ ಒಟ್ಟಾಗಿ ಹಾಡಿ ಕುಣಿಯುವ ಗುಂಪಾದ ಮೇಳವನ್ನು 12 ಜನರಿಂದ 15ಕ್ಕೆ ಏರಿಸಿದವನು ಸಾಫೋಕ್ಲೀಸನೇ ಎನ್ನುತ್ತಾರೆ. ಬೇರೆ ಬೇರೆ ಉದ್ಯೋಗದ ಹದಿನೈದು ಮಂದಿಯನ್ನು ಒಂದೇ ಉಸಿರಿನಲ್ಲಿ ಮಾತಾಡಿಸಲು, ಒಂದೇ ಹೆಜ್ಜೆ ಹಾಕಿಸಲು ಎಷ್ಟು ಸಂಜೆಗಳು ಬೇಕು! ಎರಡನೆಯದು ಶೂದ್ರಕನ ‘ಮೃಚ್ಛಕಟಿಕ’, ಹತ್ತು ಅಂಕಗಳ ಸಂಸ್ಕೃತ ನಾಟಕ. ಕತೆಯ ಕೀಲಿರುವುದೇ ಬಂಡಿಗಳು ಅದಲುಬದಲಾಗುವುದರಲ್ಲಿ. ನಾಯಕಿ ವಸಂತಸೇನೆ ತನ್ನದಲ್ಲದ ಬಂಡಿ ಹತ್ತುತ್ತಾಳೆ, ಅಲ್ಲಿಂದ ಎಲ್ಲವೂ ದಿಕ್ಕು ತಪ್ಪುತ್ತದೆ. ಅದಕ್ಕೂ ಮುಂಚೆ ಐದನೆಯ ಅಂಕದಲ್ಲಿ ಗುಡುಗು, ಮಿಂಚು, ಮಳೆ. ಬಂಡಿಗಳನ್ನು ರಂಗದ ಮೇಲೆ ಎಲ್ಲಿ ತಿರುಗಿಸುವುದು, ಮಿಂಚನ್ನು ಎಲ್ಲಿಂದ ತರುವುದು ಎಂದು ಈಗಲೇ ತಲೆ ಕೆಡಿಸಿಕೊಂಡಿದ್ದೇನೆ, ಅದು ಸಂತೋಷದ ತಲೆನೋವು. ಮೂರನೆಯದು ಮಕ್ಕಳೇ ಆಡುವ ಮಕ್ಕಳ ನಾಟಕ. ಅದರ ದಿನ ಪರೀಕ್ಷೆಗಳನ್ನು ನೋಡಿಕೊಂಡೇ ಗೊತ್ತಾಗಬೇಕು. ಇನ್ನೊಂದು ಒಬ್ಬಳೇ ನಟಿಯ ನಾಟಕ. ಕೊನೆಯದು ನಮ್ಮ ತಂಡದ ತರುಣಿಯೊಬ್ಬಳು ಬರೆದ ಹೊಸ ನಾಟಕ. ಆಕೆಗೆ ಇದು ಮೊದಲನೆಯದು. ಹಳೆಯ ಕೃತಿಗಳು ಒಂದು ಸಂಜೆ ತಪ್ಪಿಹೋದರೂ ಬದುಕುತ್ತವೆ. ಹೊಸಬರ ಮೊದಲ ನಾಟಕ ಹಾಗಲ್ಲ. ಆಡಲಿಲ್ಲವೆಂದರೆ ಅದು ಹಸ್ತಪ್ರತಿಯಾಗಿಯೇ ಉಳಿಯುತ್ತದೆ, ಬರೆದವಳು ಎರಡನೆಯದನ್ನು ಬರೆಯುವುದೂ ಅನುಮಾನ.

ತಿಂಗಳುಗಳ ಮೊದಲೇ ದಿನ ಗೊತ್ತುಮಾಡುವುದು ಆಡಳಿತಕ್ಕೆ ಅಸಾಧ್ಯವೇ? ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ನಾಟಕೋತ್ಸವದ ಹೊಣೆ ಇದ್ದದ್ದು ತಮ್ಮಂತೆಯೇ ನಗರದ ಆಡಳಿತ ನೋಡುತ್ತಿದ್ದ ಆರ್ಕಾನ್ ಎಂಬ ಅಧಿಕಾರಿಯ ಮೇಲೆ. ಅವನು ಬೇಸಿಗೆಯಲ್ಲಿ ಅಧಿಕಾರ ವಹಿಸಿಕೊಂಡೊಡನೆ ಮಾಡುತ್ತಿದ್ದ ಮೊದಮೊದಲ ಕೆಲಸಗಳಲ್ಲಿ ಒಂದೆಂದರೆ, ಮುಂದಿನ ವಸಂತದ ಡಯೊನೈಸಸ್ ಉತ್ಸವದ ಮೇಳಗಳ ಖರ್ಚು ಹೊರುವ ನಾಗರಿಕರನ್ನು ನೇಮಿಸುವುದು. ನಾಟಕ ಆಡಿಸುವ ಕವಿಗಳನ್ನು ಆರಿಸುತ್ತಿದ್ದವನೂ ಅವನೇ. ಹಾಗಾಗಿ ಕವಿಗೂ ಮೇಳಕ್ಕೂ ತಾಲೀಮಿಗೆ ತಿಂಗಳುಗಟ್ಟಲೆ ಸಿಗುತ್ತಿತ್ತು. ಅಷ್ಟು ದೂರ ಹೋಗುವುದೇಕೆ? ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ನಡೆಸಿಕೊಂಡು ಬಂದಿರುವ ತಿರುಗಾಟವನ್ನೇ ನೋಡಿ. ತಾಲೀಮು ಮುಗಿಸಿ ಹೊರಟ ತಂಡ ಊರಿನಿಂದ ಊರಿಗೆ ಹೋಗುತ್ತ ನಾಟಕ ಆಡುತ್ತದೆ. ಒಂದು ಊರಿನವರು ಕೊಟ್ಟ ದಿನ ತಪ್ಪಿಸಿದರೆ ಮುಂದಿನ ಊರುಗಳ ಕತೆಯೇನು? ಕೊಟ್ಟ ದಿನಕ್ಕೆ ನಡೆದುಕೊಳ್ಳುವ ಸಂಘಟಕರು ಊರೂರಿನಲ್ಲಿ ಇರುವುದರಿಂದಲೇ ಇಂಥ ತಿರುಗಾಟ ನಾಲ್ಕು ದಶಕ ಬಾಳಿತು.

ಎದುರು ವಾದಗಳನ್ನು ನಾನು ಕೇಳಿದ್ದೇನೆ, ಅವುಗಳಲ್ಲಿ ಕೆಲವಕ್ಕೆ ತೂಕವಿದೆ. ರಂಗಮಂದಿರ ಸಾರ್ವಜನಿಕರದು, ಒಂದು ತಂಡಕ್ಕೆ ವರ್ಷಪೂರ್ತಿ ಬರೆದುಕೊಡಲಾಗದು ಎನ್ನುತ್ತಾರೆ. ಒಪ್ಪುತ್ತೇನೆ. ನಾವು ಕೇಳುತ್ತಿರುವುದು ಐದು ನಾಟಕಗಳ ಪ್ರದರ್ಶನದ ದಿನಗಳು ಮತ್ತು ಅವುಗಳ ಮುನ್ನಾದಿನಗಳು. ಇದೇ ಅವಕಾಶ ಸಂಗೀತದವರಿಗೂ ನೃತ್ಯದವರಿಗೂ ಇತರ ನಾಟಕ ತಂಡಗಳಿಗೂ ಸಿಗಲಿ; ಎರಡು ತಂಡಗಳು ಒಂದೇ ದಿನ ಕೇಳಿದರೆ ಎದುರಿಗೆ ಕೂರಿಸಿ ಚೀಟಿ ಎತ್ತಿಸಿ, ನಾವು ತಕರಾರು ಮಾಡುವುದಿಲ್ಲ. ತುರ್ತು ಬಂದರೆ ಏನು ಮಾಡುವುದು ಎಂಬ ಪ್ರಶ್ನೆಯೂ ಇದೆ. ನೆರೆ ಬಂದು ಜನರಿಗೆ ಆಶ್ರಯ ಬೇಕಾದರೆ, ಚುನಾವಣೆಯ ಕೆಲಸಕ್ಕೆ ಕಟ್ಟಡ ಬೇಕಾದರೆ, ನಾವೇ ಸೆಟ್ಟು ಬಿಚ್ಚಿ ಜಾಗ ಮಾಡಿಕೊಡುತ್ತೇವೆ, ಕೈಗೂಡಿಸಿ ಕೆಲಸವನ್ನೂ ಮಾಡುತ್ತೇವೆ. ಆದರೆ ಸನ್ಮಾನ ಸಮಾರಂಭ ತುರ್ತಲ್ಲ. ಅತಿಥಿಗಳ ಸಮಯ ಬದಲಾದದ್ದು ತುರ್ತಲ್ಲ. ಹೊರಗೆ ದುಡ್ಡು ಕೊಟ್ಟು ದೊಡ್ಡ ಸಭಾಭವನ ಹಿಡಿಯುವ ಶಕ್ತಿ ಇರುವವರಿಗಾಗಿ ಟಿಕೆಟ್ ಮಾರಿಯಾದ ನಾಟಕವನ್ನು ಎಬ್ಬಿಸುವುದು ಯಾವ ನ್ಯಾಯ?

ಸಿಬ್ಬಂದಿಯ ಕಷ್ಟವೂ ನನಗೆ ಕಾಣುತ್ತದೆ. ರಂಗಮಂದಿರದ ಕಾವಲುಗಾರರು, ವಿದ್ಯುತ್ ನೋಡಿಕೊಳ್ಳುವವರು ನಮ್ಮೊಡನೆ ನಡುರಾತ್ರಿಯವರೆಗೆ ಇದ್ದು ಸಹಾಯ ಮಾಡಿದ್ದಾರೆ. ಇವತ್ತು ಯಾರು ಬರುತ್ತಾರೆ, ನಾಳೆ ಏನಿದೆ ಎಂಬುದು ಕೊನೆಯ ಗಳಿಗೆಯವರೆಗೆ ಅವರಿಗೂ ತಿಳಿದಿರುವುದಿಲ್ಲ. ವರ್ಷದ ಕ್ಯಾಲೆಂಡರ್ ಒಂದು ಗೋಡೆಯ ಮೇಲಿದ್ದರೆ ಅವರ ಪಾಳಿ, ಅವರ ರಜೆ, ಕಟ್ಟಡದ ದುರಸ್ತಿ ಎಲ್ಲವೂ ಒಂದು ಕ್ರಮಕ್ಕೆ ಬರುತ್ತವೆ. ನಗರಸಭೆಗೆ ಬಾಡಿಗೆಯ ಆದಾಯ ಎಷ್ಟೆಂಬುದೂ ಮೊದಲೇ ತಿಳಿಯುತ್ತದೆ.

ಆದ್ದರಿಂದ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಬೇಕೆಂದು ಕೋರುತ್ತೇನೆ. ವರ್ಷಕ್ಕೊಮ್ಮೆ ಎಲ್ಲ ತಂಡಗಳಿಂದ ಅರ್ಜಿ ಕರೆದು, ದಿನಗಳನ್ನು ಹಂಚಿ, ಪಟ್ಟಿಯನ್ನು ರಂಗಮಂದಿರದ ಸೂಚನಾ ಫಲಕದಲ್ಲಿ ಹಾಕಲಿ. ನಾಟಕಕ್ಕೆ ಕೊಟ್ಟ ದಿನದ ಜೊತೆಗೆ ಅದರ ಮುನ್ನಾದಿನವೂ ಸೇರಿರಲಿ. ಮುಖ್ಯವಾಗಿ, ಕೊಟ್ಟ ದಿನವನ್ನು ರದ್ದುಮಾಡುವುದೇ ಆದರೆ ಅದು ಫೋನಿನಲ್ಲಿ ಆಗಬಾರದು. ಕಾರಣ ಬರೆದು, ತಾವೇ ಸಹಿ ಮಾಡಿ, ಪರ್ಯಾಯ ದಿನವನ್ನು ಅದೇ ಪತ್ರದಲ್ಲಿ ಕೊಟ್ಟು ರದ್ದುಮಾಡಿ. ಟಿಕೆಟ್ ಕೊಂಡವರು ಓದಲೆಂದು ಆ ಪತ್ರವನ್ನೂ ಅದೇ ಫಲಕದಲ್ಲಿ ಅಂಟಿಸಿ. ಸಹಿ ಮಾಡಬೇಕಾಗಿ ಬಂದಾಗ ಕಾರಣ ನಿಜಕ್ಕೂ ದೊಡ್ಡದೇ ಎಂದು ಯೋಚಿಸುವವರು ತಾವೆಂಬ ನಂಬಿಕೆ ನನಗಿದೆ. ಕಳೆದ ಸಲದ ಮಕ್ಕಳ ನಾಟಕಕ್ಕೆ ತಾವು ಮನೆಯವರೊಡನೆ ಬಂದು, ಭಾಷಣ ಮಾಡದೆ, ಸಾಮಾನ್ಯ ಪ್ರೇಕ್ಷಕರಂತೆ ನಾಲ್ಕನೆಯ ಸಾಲಿನಲ್ಲಿ ಕುಳಿತು ಕೊನೆಯವರೆಗೂ ನೋಡಿದ್ದನ್ನು ದೀಪಗಳ ಕೋಣೆಯಿಂದ ನಾನು ಕಂಡಿದ್ದೇನೆ.

ಐದೂ ನಾಟಕಗಳ ವಿವರ, ಪ್ರತಿಯೊಂದಕ್ಕೂ ನಾವು ಕೇಳುತ್ತಿರುವ ದಿನಗಳು, ಅವು ಸಿಗದಿದ್ದರೆ ಹೊಂದುವ ಬೇರೆ ದಿನಗಳು ಇರುವ ಪಟ್ಟಿ ಅರ್ಜಿಯ ಜೊತೆಯಲ್ಲೇ ಇದೆ. ಸಭೆಗೆ ಕರೆದರೆ ನಿರ್ದೇಶಕರೂ ನಾನೂ ಬಂದು ವಿವರಿಸುತ್ತೇವೆ. ‘ಅಂತಿಗೊನೆ’ಯ ಮೇಳದವರು ರಜೆ ಬರೆದುಕೊಡಬೇಕಾದ ದಿನ ಹತ್ತಿರ ಬರುತ್ತಿದೆ. ಮೊದಲನೆಯ ತಾರೀಖನ್ನಾದರೂ ಅಷ್ಟರೊಳಗೆ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ತಂಡದ ಪರವಾಗಿ,
ಬೆಳಕಿನ ವಿಭಾಗದಿಂದ